ಹಲ್ಲಿನ ಬೇರಿನಲ್ಲಿ ಅಡಗುವ ರೋಗ

ಆರೋಗ್ಯದ ಪಾಠ

ಓದತಕ್ಕ ವೇದಭಾಗ: ಇಬ್ರಿಯರಿಗೆ ಬರೆದ ಪತ್ರಿಕೆ, 12ನೆಯ ಅಧ್ಯಾಯ, 12ರಿಂದ 15ನೆಯ ವಚನದ ವರೆಗೆ.



ದೇವರು ನಮಗೆ ಕೊಟ್ಟಿರುವ ಅವಯವಗಳಲ್ಲಿ ಹಲ್ಲನ್ನು ನಾವು ಅಲ್ಪವೆಂದು ಎಣಿಸುವದು ವಾಡಿಕೆಯಾಗಿದೆ. ಕಣ್ಣಿಗೆ ಧೂಳು ಬಿದ್ದರೆ ಕೂಡಲೇ ತೊಳೆಯುತ್ತೇವೆ. ಕಾಲಿಗೆ ಮುಳ್ಳು ನೆಟ್ಟರೆ ಹೊಲದ ಬದುವಿನಲ್ಲಿಯೇ ಕೂತು ತೆಗೆಯುತ್ತೇವೆ. ಹಲ್ಲು ನೊಂದರೆ ಮಾತ್ರ ಒಂದು ಲವಂಗವನ್ನು ಕಚ್ಚಿಕೊಂಡು ಕೆಲಸಕ್ಕೆ ಹೋಗುತ್ತೇವೆ. ಕೆಲವು ರಾತ್ರಿ ನಿದ್ರೆಯಿಲ್ಲದೆ ಕಳೆದ ಮೇಲೆ ಆ ನೋವು ತಾನಾಗಿ ನಿಂತುಹೋಗುವದುಂಟು. ಆಗ ಮನೆಯವರೆಲ್ಲರೂ, ಹಲ್ಲು ವಾಸಿಯಾಯಿತು, ಇನ್ನು ಪಟ್ಟಣಕ್ಕೆ ಹೋಗಿ ಹಣ ಕಳೆಯುವ ಅವಶ್ಯವಿಲ್ಲ ಎಂದು ಸಂತೋಷಪಡುತ್ತಾರೆ.

ಆದರೆ ಆಳವಾಗಿ ಹುಳುಕು ಹಿಡಿದ ಹಲ್ಲು ಬಹಳ ದಿನ ನೊಂದು ಚಿಕಿತ್ಸೆಯಿಲ್ಲದೆ ಸುಮ್ಮನಾದರೆ, ಅದು ಬಹುಮಟ್ಟಿಗೆ ಗುಣವಾದ ಗುರುತಲ್ಲ. ಹಲ್ಲಿನ ಒಳಗಿನ ಜೀವವು ಸತ್ತಿತೆಂಬುದಕ್ಕೆ ಗುರುತು. ನೋವು ಹೋಯಿತು, ರೋಗವು ಬೇರಿಗೆ ಇಳಿಯಿತು. ಈ ಒಂದು ಸಂಗತಿಯನ್ನು ತಿಳಿಯದೆ ಇರುವದರಿಂದ ಅನೇಕರು ಹಲ್ಲನ್ನೂ, ಕೆಲವರು ಪ್ರಾಣವನ್ನೂ ಕಳಕೊಂಡಿದ್ದಾರೆ. ಆದಕಾರಣ ಇದನ್ನು ಕ್ರಮವಾಗಿ ವಿವರಿಸುತ್ತೇವೆ.

1. ಹಲ್ಲಿನ ರಚನೆ

ಬಾಯೊಳಗೆ ಬೆಳ್ಳಗೆ ಕಾಣುವದು ಹಲ್ಲಿನ ಒಂದು ಪಾಲು ಮಾತ್ರ. ಮಿಕ್ಕ ಪಾಲಾದ ಬೇರು ವಸಡಿನ ಕೆಳಗೆ ದವಡೆಯ ಎಲುಬಿನಲ್ಲಿ ನಾಟಿಕೊಂಡಿದೆ. ಮುಂಭಾಗದ ಹಲ್ಲುಗಳಿಗೆ ಒಂದೊಂದು ಬೇರು. ದವಡೆಹಲ್ಲುಗಳಿಗೆ ಸಾಮಾನ್ಯವಾಗಿ ಕೆಳಗೆ ಎರಡು, ಮೇಲೆ ಮೂರು. ಹಲ್ಲಿನ ತಲೆಯ ಮೇಲೆ ಹೊಳಪುಳ್ಳ ಕವಚವೊಂದಿದೆ. ನಮ್ಮ ಶರೀರದಲ್ಲಿ ಅದಕ್ಕಿಂತ ಗಟ್ಟಿಯಾದ ವಸ್ತು ಬೇರೊಂದಿಲ್ಲ. ಆದರೂ ಅದರಲ್ಲಿ ಜೀವಕಣಗಳಿಲ್ಲದ್ದರಿಂದ, ಒಮ್ಮೆ ಅದು ತೂತಾದರೆ ಮುರಿದ ಎಲುಬಿನ ಹಾಗೆ ಮತ್ತೆ ಕೂಡಿಕೊಳ್ಳಲಾರದು. ಕವಚದ ಒಳಗೆ ತುಸು ಹಳದಿಯಾದ ಎರಡನೆಯ ಪದರವಿದೆ. ಇದು ಕವಚದಷ್ಟು ಗಟ್ಟಿಯಲ್ಲ. ಇದರ ಉದ್ದಕ್ಕೂ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ನಾಳಗಳು ಲೆಕ್ಕವಿಲ್ಲದೆ ಇವೆ. ಎಲ್ಲಕ್ಕೂ ಒಳಗೆ, ಕರಟದೊಳಗಿನ ಕಾಯಿಯಂತೆ, ಮೆತ್ತನೆಯ ತಿರುಳಿದೆ. ಹಲ್ಲಿನ ಜೀವವು ಈ ತಿರುಳಿನಲ್ಲಿದೆ. ಅದಕ್ಕೆ ಬೇಕಾದ ರಕ್ತನಾಳಗಳೂ ನರಗಳೂ ಬೇರಿನ ತುದಿಯ ಕಿರಿದಾದ ರಂಧ್ರದ ಮೂಲಕ ಒಳಗೆ ಬರುತ್ತವೆ.

ಈ ತಿರುಳು ಸುತ್ತಲೂ ಗಟ್ಟಿಯಾದ ಗೋಡೆಯ ನಡುವೆ ಇದೆಯೆಂಬದನ್ನು ವಾಚಕರು ನೆನಪಿನಲ್ಲಿಡಬೇಕು. ಕೈಗೆ ಪೆಟ್ಟಾದರೆ ಚರ್ಮವು ಹಿಗ್ಗಿ ಊತಕ್ಕೆ ಸ್ಥಳ ಕೊಡುತ್ತದೆ. ಹಲ್ಲಿನೊಳಗಿನ ತಿರುಳು ಊದಿಕೊಂಡರೆ ಹಿಗ್ಗಲು ಸ್ಥಳವಿಲ್ಲ. ಹಲ್ಲುನೋವು ಅಷ್ಟು ಘೋರವಾಗಿರುವದಕ್ಕೂ, ಆ ತಿರುಳು ಬೇಗನೆ ಸಾಯುವದಕ್ಕೂ ಇದು ಒಂದು ಮುಖ್ಯ ಕಾರಣ.

2. ಹುಳವೋ, ಸೂಕ್ಷ್ಮಜೀವಿಗಳೋ?

ಹಲ್ಲನ್ನು ಹುಳ ತಿನ್ನುತ್ತದೆಂದು ನಮ್ಮ ಹಿರಿಯರು ನಂಬಿದ್ದರು. ಹುಳುಕು ಎಂಬ ಮಾತೇ ಅದಕ್ಕೆ ಸಾಕ್ಷಿ. ನೆಲಗುಳ್ಳದ ಬೀಜದ ಹೊಗೆಯನ್ನು ಬಾಯಿಗೆ ಹಿಡಿದು ಹುಳ ಬೀಳಿಸುತ್ತೇವೆಂದು ಹೇಳುವವರು ಉಂಟು. ಈ ನಂಬಿಕೆ ನಮ್ಮ ದೇಶದಲ್ಲಿ ಮಾತ್ರವಲ್ಲ, ಪೂರ್ವದಲ್ಲಿ ಯುರೋಪಿನಲ್ಲಿಯೂ ಇತ್ತು. ಫ್ರಾನ್ಸ್ ದೇಶದ ಪಿಯೆರ್ ಫೋಶಾರ್ ಎಂಬ ದಂತವೈದ್ಯನು 1728ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಇದನ್ನು ಒಪ್ಪಲಿಲ್ಲ. ಹಲ್ಲಿನಲ್ಲಿ ಹುಳವಿಲ್ಲ, ಹುಳಕ್ಕಿಂತ ಎಷ್ಟೋ ಪಾಲು ಚಿಕ್ಕದಾದ ಬೇರೆ ಜೀವಿಗಳು ಇವೆ.

ಅವುಗಳನ್ನು ಮೊದಲು ಕಂಡವನು ಹಾಲೆಂಡ್ ದೇಶದ ಡೆಲ್ಫ್ಟ್ ಪಟ್ಟಣದ ಲೇವೆನ್‌ಹುಕ್ ಎಂಬ ಬಟ್ಟೆ ವ್ಯಾಪಾರಿ. ಅವನು ತಾನೇ ಉಜ್ಜಿ ಮಾಡಿದ ಗಾಜಿನ ಮಣಿಗಳಿಂದ ಚಿಕ್ಕ ವಸ್ತುಗಳನ್ನು ದೊಡ್ಡದಾಗಿ ನೋಡುತ್ತಿದ್ದನು. 1683ರಲ್ಲಿ ತನ್ನ ಹಲ್ಲುಗಳ ಸಂದಿನಿಂದ ಬಿಳಿಯ ಕೊಳೆಯನ್ನು ಕೆರೆದು ನೋಡಲಾಗಿ, ಅದರಲ್ಲಿ ಅತಿಸೂಕ್ಷ್ಮವಾದ ಜೀವಿಗಳು ಹರಿದಾಡುತ್ತಿದ್ದವು. ಇದನ್ನು ಅವನು ಲಂಡನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದನು. ಬಾಯಿಗೆ ಹುಳಿರಸ ಹಾಕಿಕೊಂಡು ನೋಡಿದಾಗ ಕೊಳೆಯ ಹೊರಗಿನವು ಸತ್ತು ಒಳಗಿನವು ಉಳಿದದ್ದನ್ನೂ ಅವನು ಗುರುತಿಸಿದನು. ಬರಿಯ ಮುಕ್ಕಳಿಸುವದರಿಂದ ಹಲ್ಲು ಶುದ್ಧವಾಗುವದಿಲ್ಲ, ಉಜ್ಜಿಯೇ ಕೊಳೆ ತೆಗೆಯಬೇಕು ಎಂಬ ಪಾಠವು ಅಂದಿನಿಂದಲೇ ನಮಗೆ ದೊರೆತಿದೆ.

ಇವು ಹಲ್ಲನ್ನು ಕೆಡಿಸುವ ಬಗೆಯನ್ನು ತೋರಿಸಿದವನು ಬರ್ಲಿನ್ ಪಟ್ಟಣದಲ್ಲಿ ಕೆಲಸಮಾಡುತ್ತಿದ್ದ ಮಿಲ್ಲರ್ ಎಂಬ ಅಮೇರಿಕದ ದಂತವೈದ್ಯನು. ಕಿತ್ತ ಹಲ್ಲುಗಳನ್ನು ಅವನು ರೊಟ್ಟಿ ಬೆರಸಿದ ಉಗುಳಿನಲ್ಲಿ ಇಟ್ಟು ಶರೀರದಷ್ಟು ಬೆಚ್ಚಗೆ ಕಾಪಾಡಿದನು, ಹಲ್ಲುಗಳು ಮೆತ್ತಗಾದವು. ರೊಟ್ಟಿಗೆ ಬದಲಾಗಿ ಮಾಂಸವನ್ನಿಟ್ಟಾಗ ಹಾಗಾಗಲಿಲ್ಲ. ಉಗುಳನ್ನು ಮೊದಲೇ ಕುದಿಸಿದರೆ ಆಗಲೂ ಹಲ್ಲು ಕೆಡಲಿಲ್ಲ. ಇದರಿಂದ, ಉಗುಳಿನಲ್ಲಿರುವ ಜೀವಿಗಳು ಹಿಟ್ಟು ಸಕ್ಕರೆಗಳನ್ನು ತಿಂದು ಹುಳಿಯನ್ನು ಹುಟ್ಟಿಸುತ್ತವೆ, ಆ ಹುಳಿಯೇ ಹಲ್ಲನ್ನು ಕರಗಿಸುತ್ತದೆ ಎಂದು ತಿಳಿಯಿತು. ಇದನ್ನೆಲ್ಲಾ ಅವನು 1890ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. ಹಿಟ್ಟಿನ ಸಂಪಣಕ್ಕೆ ಹುಳಿ ಬರುವದನ್ನು ಬಲ್ಲ ನಮ್ಮ ತಾಯಂದಿರಿಗೆ ಇದು ಕಷ್ಟವಾದ ಮಾತಲ್ಲ. 1924ರಲ್ಲಿ ಇಂಗ್ಲೆಂಡಿನ ಕ್ಲಾರ್ಕ್ ಎಂಬವನು ಹುಳುಕು ಹಲ್ಲುಗಳಿಂದ ಅಂಥ ಒಂದು ಜೀವಿಯನ್ನು ಬೇರ್ಪಡಿಸಿ ಅದಕ್ಕೆ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂದು ಹೆಸರಿಟ್ಟನು.

3. ರೋಗವು ಬೇರಿಗೆ ಇಳಿಯುವ ಕ್ರಮ

ಮೊದಲು ಕವಚದಲ್ಲಿ ಸುಣ್ಣದ ಬಣ್ಣದ ಮಚ್ಚೆ ಕಾಣುತ್ತದೆ. ಆಗ ನೋವಿಲ್ಲ. ಈ ಹಂತದಲ್ಲಿ ಕವಚ ಇನ್ನೂ ತೂತಾಗಿಲ್ಲದ್ದರಿಂದ ಎಚ್ಚರಪಟ್ಟರೆ ಅದನ್ನು ಅಲ್ಲಿಯೇ ತಡೆಯಬಹುದು. ಬಳಿಕ ಕಪ್ಪು ಕುಳಿ ಬೀಳುತ್ತದೆ. ಹುಳುಕು ಎರಡನೆಯ ಪದರಕ್ಕೆ ಮುಟ್ಟಿದಾಗ ತಣ್ಣೀರು, ಬೆಲ್ಲ, ಹುಳಿ ತಾಗಿದರೆ ಜುಮ್ಮೆನ್ನುತ್ತದೆ. ಅದು ತಾಗುವದು ತಪ್ಪಿದರೆ ನೋವೂ ನಿಲ್ಲುತ್ತದೆ. ಇದು ದೇವರು ನಮಗೆ ಕೊಟ್ಟ ಎಚ್ಚರಿಕೆಯ ಗಂಟೆ. ಈ ವೇಳೆಯಲ್ಲಿ ವೈದ್ಯನು ಕೆಟ್ಟ ಭಾಗವನ್ನು ಕೆರೆದು ಕುಳಿಯನ್ನು ತುಂಬಿದರೆ ಹಲ್ಲು ಜೀವಸಹಿತವಾಗಿ ಉಳಿಯುತ್ತದೆ.

ಗಂಟೆಯನ್ನು ಕೇಳದೆ ಹೋದರೆ ಜೀವಿಗಳು ಸೂಕ್ಷ್ಮನಾಳಗಳ ಮೂಲಕ ತಿರುಳನ್ನು ಸೇರುತ್ತವೆ. ಈಗ ಬಿಸಿ ತಾಗಿದರೂ ನೋವು, ಬಂದ ನೋವು ಬೇಗ ಬಿಡದು, ಮಲಗಿದರೆ ಹೆಚ್ಚುತ್ತದೆ. ಕಡೆಗೆ ತಿರುಳು ಸಾಯುತ್ತದೆ. ಅದರೊಡನೆ ನರವೂ ಸಾಯುವದರಿಂದ ನೋವನ್ನು ತಿಳಿಸುವವನೇ ಇಲ್ಲದಂತಾಗುತ್ತದೆ. ಮನೆಯ ಕಾವಲುನಾಯಿ ಬೊಗಳುವದನ್ನು ನಿಲ್ಲಿಸಿತೆಂದು ಕಳ್ಳನು ಹೋದನೆಂದು ತಿಳಿಯಬಹುದೋ? ಕಳ್ಳನು ನಾಯಿಯನ್ನು ಕೊಂದು ಒಳಗೆ ಬಂದಿರಲೂಬಹುದು.

ಸತ್ತ ತಿರುಳಿನಲ್ಲಿ ರಕ್ತವು ಹರಿಯುವದಿಲ್ಲ. ರಕ್ತದಲ್ಲಿರುವ ಬಿಳಿಯ ಕಣಗಳು ರೋಗಾಣುಗಳೊಡನೆ ಯುದ್ಧಮಾಡುವ ಸೈನಿಕರು. ಅವು ಅಲ್ಲಿಗೆ ಹೋಗಲಾರವು. ಗಾಳಿ ಕಡಮೆಯಾದ ಆ ಕತ್ತಲೆಯ ನಾಳದಲ್ಲಿ, ಗಾಳಿಯಿಲ್ಲದೆಯೇ ಬದುಕುವ ಜಾತಿಯ ಬ್ಯಾಕ್ಟೀರಿಯಗಳು ವೃದ್ಧಿಯಾಗುತ್ತವೆ. ಕೆಟ್ಟ ಹಲ್ಲಿನ ದುರ್ವಾಸನೆಗೆ ಇವೂ ಕಾರಣ. ಬೇರಿನ ತುದಿಯ ರಂಧ್ರದಿಂದ ಇವುಗಳ ವಿಷವು ಹೊರಗೆ ಸೋರುತ್ತದೆ. ಆಗ ಶರೀರವು ಬೇರಿನ ಸುತ್ತಲೂ ಸೈನ್ಯವನ್ನು ನಿಲ್ಲಿಸುತ್ತದೆ. ಆ ಹೋರಾಟದಲ್ಲಿ ಸುತ್ತಲಿನ ಎಲುಬು ಕರಗಿ ಗೂಡಾಗುತ್ತದೆ. ಇದು ತಿಂಗಳುಗಟ್ಟಲೆ, ಕೆಲವು ಸಾರಿ ವರ್ಷಗಟ್ಟಲೆ, ಸದ್ದಿಲ್ಲದೆ ನಡೆಯಬಹುದು. ಎಕ್ಸ್-ರೇ ಚಿತ್ರದಲ್ಲಿ ಮಾತ್ರ ಬೇರಿನ ತುದಿಯಲ್ಲಿ ಕಪ್ಪು ನೆರಳಾಗಿ ಕಾಣುತ್ತದೆ. ಒಂದು ದಿನ ಶರೀರದ ಬಲ ಕುಂದಿದಾಗ ಅಥವಾ ರೋಗಾಣುಗಳ ಬಲ ಹೆಚ್ಚಿದಾಗ ಕೀವು ತುಂಬಿ ಹಲ್ಲು ಎದ್ದುಬಂದಂತಾಗುತ್ತದೆ, ಕಚ್ಚಿದರೆ ಪ್ರಾಣ ಹೋದಂತಾಗುತ್ತದೆ, ಗಲ್ಲ ಊದುತ್ತದೆ.

ಇದಕ್ಕೆಲ್ಲಾ ಈ ಜೀವಿಗಳೇ ಕಾರಣವೆಂಬದಕ್ಕೆ ಒಳ್ಳೇ ಪ್ರಮಾಣವಿದೆ. 1965ರಲ್ಲಿ ಅಮೇರಿಕದಲ್ಲಿ ಕಾಕೆಹಾಶಿ ಮತ್ತು ಅವನ ಇಬ್ಬರು ಜೊತೆಗೆಲಸದವರು ಇಲಿಗಳ ಹಲ್ಲನ್ನು ತಿರುಳಿನ ವರೆಗೆ ಕೊರೆದು ಬಾಯಿಗೆ ತೆರೆದಿಟ್ಟರು. ಸಾಧಾರಣ ಇಲಿಗಳಲ್ಲಿ ತಿರುಳು ಸತ್ತು ಕೀವಾಯಿತು. ಹುಟ್ಟಿದಂದಿನಿಂದ ಯಾವ ಸೂಕ್ಷ್ಮಜೀವಿಯೂ ಸೋಂಕದಂತೆ ಬೆಳಸಿದ ಇಲಿಗಳಲ್ಲಾದರೋ, ಅನ್ನದ ಚೂರುಗಳು ಕುಳಿಯಲ್ಲಿ ಸೇರಿದ್ದರೂ, ತಿರುಳು ಸಾಯಲಿಲ್ಲ. ಗಾಯದ ಮೇಲೆ ಹೊಸ ಗಟ್ಟಿ ಪದರವು ಬೆಳೆದು ಮುಚ್ಚಿಕೊಂಡಿತು. 1976ರಲ್ಲಿ ಸ್ವೀಡನ್ ದೇಶದ ಸುಂಡ್‌ಕ್ವಿಸ್ಟ್ ಎಂಬವನು, ಪೆಟ್ಟಿನಿಂದ ತಿರುಳು ಸತ್ತರೂ ಹೊರಗೆ ಹುಳುಕಿಲ್ಲದ ಮನುಷ್ಯರ ಹಲ್ಲುಗಳನ್ನು ಪರೀಕ್ಷಿಸಿದನು. ಬೇರಿನ ಸುತ್ತ ಎಲುಬು ಕರಗಿದ್ದ ಹಲ್ಲುಗಳಲ್ಲಿ ಬ್ಯಾಕ್ಟೀರಿಯಗಳು ಸಿಕ್ಕಿದವು. ಎಲುಬು ಕೆಡದಿದ್ದ ಹಲ್ಲುಗಳಲ್ಲಿ ಸಿಕ್ಕಲಿಲ್ಲ.

ಬೇರಿಗೆ ಹೋಗಲು ರೋಗಕ್ಕೆ ಇನ್ನೊಂದು ದಾರಿಯೂ ಉಂಟು. ವಸಡಿನ ಅಂಚಿನಲ್ಲಿ ಕೊಳೆ ಕೂತು ಗಾರೆಯಂತೆ ಗಟ್ಟಿಯಾದರೆ ವಸಡು ಹಲ್ಲನ್ನು ಬಿಟ್ಟು ಸಂದಾಗುತ್ತದೆ. ರೋಗಾಣುಗಳು ಆ ಸಂದಿನಿಂದ ಬೇರಿನ ಪಕ್ಕದಲ್ಲಿಯೇ ಇಳಿಯುತ್ತವೆ. ಹಲ್ಲುಜ್ಜುವಾಗ ರಕ್ತ ಬರುವದು ಇದರ ಮೊದಲನೆಯ ಗುರುತು. ಹಲ್ಲು ಅಲ್ಲಾಡುವದು ಕಡೆಯ ಗುರುತು. ಸಕ್ಕರೆಕಾಯಿಲೆಯವರಿಗೆ ಇದು ಬೇಗ ಹೆಚ್ಚುತ್ತದೆ. ವಸಡಿನ ರೋಗವಿದ್ದರೆ ಸಕ್ಕರೆಯನ್ನು ಹತೋಟಿಯಲ್ಲಿಡುವದೂ ಕಷ್ಟವಾಗುತ್ತದೆ.

4. ಕೀವು ಹಿಡಿಯುವ ದಾರಿಗಳು

ಕಟ್ಟೆ ಒಡೆದ ನೀರು ತಗ್ಗನ್ನು ಹುಡುಕುವಂತೆ ಬೇರಿನ ಕೀವು ಎಲುಬು ತೆಳುವಾದ ಕಡೆಯಲ್ಲಿ ಹೊರಡುತ್ತದೆ. ಅನೇಕ ಸಾರಿ ಅದು ವಸಡಿನಲ್ಲಿ ಚಿಕ್ಕ ಗುಳ್ಳೆಯಾಗಿ ಒಡೆಯುತ್ತದೆ. ಆಗ ನೋವು ಇಳಿಯುತ್ತದೆ, ರೋಗ ಇಳಿಯುವದಿಲ್ಲ. ಕೆಲವರಿಗೆ ಗಲ್ಲದ ಮೇಲೆ ಇಲ್ಲವೆ ಗದ್ದದ ಕೆಳಗೆ ಹುಣ್ಣಾಗಿ ಸೋರುತ್ತದೆ. ಚರ್ಮರೋಗವೆಂದು ವರ್ಷಗಟ್ಟಲೆ ಲೇಪ ಹಚ್ಚಿದರೂ ಅದು ಮಾಯುವದಿಲ್ಲ. ಕೆಟ್ಟ ಹಲ್ಲಿಗೆ ಚಿಕಿತ್ಸೆಯಾದರೆ ಆ ಹುಣ್ಣು ತಾನೇ ಮಾಯುತ್ತದೆ. ಮೇಲಿನ ದವಡೆಹಲ್ಲಿನ ರೋಗವು ಮೂಗಿನ ಪಕ್ಕದ ಎಲುಬಿನ ಪೊಳ್ಳಿಗೆ ಹೋಗಬಹುದು. ಮೇಲಿನ ಕೋರೆಹಲ್ಲಿನ ಕೀವು ಕಣ್ಣಿನ ಕೆಳಗೆ ಊತವನ್ನು ತರುತ್ತದೆ. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆಂದು ನಮ್ಮಲ್ಲಿ ಹೇಳುವ ಮಾತು ಸುಳ್ಳು. ಕಣ್ಣಿಗೆ ಅಪಾಯವಿರುವದಾದರೆ ಅದು ಕೆಟ್ಟ ಹಲ್ಲನ್ನು ಹಾಗೆಯೇ ಬಿಡುವದರಿಂದಲೇ.

ಎಲ್ಲಕ್ಕಿಂತ ಭಯಂಕರವಾದದ್ದು ಕೆಳಗಿನ ದವಡೆಹಲ್ಲುಗಳಿಂದ ಹುಟ್ಟುವ ಊತ. ಅದು ನಾಲಿಗೆಯ ಕೆಳಗೂ ಗದ್ದದ ಕೆಳಗೂ ಎರಡು ಪಕ್ಕಗಳಲ್ಲಿ ಹಬ್ಬಿ, ನಾಲಿಗೆಯನ್ನು ಮೇಲಕ್ಕೆತ್ತಿ, ಉಸಿರಿನ ದಾರಿಯನ್ನೇ ಮುಚ್ಚುತ್ತದೆ. ಇದನ್ನು 1836ರಲ್ಲಿ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ಲುಡ್ವಿಗ್ ಎಂಬ ವೈದ್ಯನು ವರ್ಣಿಸಿದನು. ಆ ರೋಗಕ್ಕೆ ಇಂದಿಗೂ ಅವನ ಹೆಸರಿದೆ. ಅದೇ ಸೀಮೆಯವರಾದ ಮೋಗ್ಲಿಂಗ್ ದೊರೆಗಳು ಮಂಗಳೂರಿಗೆ ಬಂದಿಳಿದದ್ದೂ ಅದೇ ವರ್ಷದಲ್ಲಿಯೇ. ಆ ಕಾಲದಲ್ಲಿ ಈ ರೋಗ ಬಂದವರಲ್ಲಿ ಬಹುಮಂದಿ ಸಾಯುತ್ತಿದ್ದರು. ಈಗ ಶಸ್ತ್ರಚಿಕಿತ್ಸೆಯೂ, 1928ರಲ್ಲಿ ಫ್ಲೆಮಿಂಗ್ ಕಂಡುಹಿಡಿದ ಪೆನಿಸಿಲಿನ್ ಮೊದಲಾದ ಔಷಧಗಳೂ ಇರುವದರಿಂದ, ಸಕಾಲದಲ್ಲಿ ಆಸ್ಪತ್ರೆಗೆ ಮುಟ್ಟಿದವರಲ್ಲಿ ಹೆಚ್ಚಿನವರು ಬದುಕುತ್ತಾರೆ. ತಡಮಾಡುವವರಿಗೆ ಈಗಲೂ ಪ್ರಾಣಾಪಾಯ ಉಂಟು.

ಆದಕಾರಣ ಈ ಗುರುತುಗಳನ್ನು ಪ್ರತಿಯೊಂದು ಮನೆಯವರೂ ಬಾಯಿಪಾಠ ಮಾಡಬೇಕು: ಬಾಯಿ ತೆರೆಯಲಾಗದಿರುವದು, ಉಗುಳು ನುಂಗಲಾಗದೆ ಸುರಿಯುವದು, ನಾಲಿಗೆಯ ಕೆಳಗೆ ಅಥವಾ ಕುತ್ತಿಗೆಯಲ್ಲಿ ಗಟ್ಟಿಯಾದ ಊತ, ಮಾತು ತೊದಲುವದು, ಉಸಿರಾಟಕ್ಕೆ ಕಷ್ಟ, ಕಣ್ಣು ಮುಚ್ಚುವಷ್ಟು ಊತ, ಊತದ ಸಂಗಡ ಚಳಿಜ್ವರ. ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವ ತನಕ ಕಾಯಬಾರದು. ರಾತ್ರಿಯಾದರೂ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.

5. ಚಿಕಿತ್ಸೆಯ ವಿಷಯ

ಲವಂಗದ ಎಣ್ಣೆಯು ಸ್ವಲ್ಪ ಹೊತ್ತು ನೋವನ್ನು ಮರೆಸುತ್ತದೆ. ವೈದ್ಯನ ಬಳಿಗೆ ಹೋಗುವ ತನಕ ಅದು ಒಂದು ಸಹಾಯವೇ ಹೊರತು ಔಷಧವಲ್ಲ. ಹೊಗೆಸೊಪ್ಪನ್ನು ಒತ್ತುವದು, ಕಾದ ಕಬ್ಬಿಣದಿಂದ ಸುಡುವದು, ನೋವಿನ ಮಾತ್ರೆಯನ್ನು ವಸಡಿನ ಮೇಲೆ ಇಟ್ಟುಕೊಳ್ಳುವದು, ಇವು ಹಾನಿಕರವಾದವುಗಳು. ಊದಿದ ಗಲ್ಲಕ್ಕೆ ಹೊರಗಿನಿಂದ ಬಿಸಿ ಶಾಖ ಕೊಡಬಾರದು. ಬೆಚ್ಚಗಿನ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಬಹುದು. ತಾಯತ ಕಟ್ಟಿಸುವದೂ ಮಂತ್ರ ಹಾಕಿಸುವದೂ ಕ್ರಿಸ್ತನ ಮಕ್ಕಳಿಗೆ ತಕ್ಕದ್ದಲ್ಲವೆಂದು ನಾವು ಹೇಳಬೇಕಾಗಿಲ್ಲ.

ಅಂಗಡಿಯಿಂದ ಮಾತ್ರೆ ತಂದು ನುಂಗಿ ಸುಮ್ಮನಿರುವದು ಈ ಕಾಲದ ಹೊಸ ತಪ್ಪು. ಮಾತ್ರೆಯ ಔಷಧವು ರಕ್ತದಲ್ಲಿ ಹೋಗುತ್ತದೆ. ಸತ್ತ ತಿರುಳಿಗೆ ರಕ್ತವೇ ಹೋಗುವದಿಲ್ಲವೆಂದು ಮೇಲೆ ಹೇಳಿದೆವಷ್ಟೆ. ಹೀಗಿರಲಾಗಿ ಅದು ಸುತ್ತಲಿನ ಊತವನ್ನು ಇಳಿಸಬಹುದು, ಮೂಲವನ್ನು ಮುಟ್ಟಲಾರದು. ಊತ ಹಬ್ಬಿದಾಗ ವೈದ್ಯನು ಕೊಟ್ಟದ್ದನ್ನು ಅವನು ಹೇಳಿದಷ್ಟು ದಿನ ತೆಗೆದುಕೊಳ್ಳಬೇಕು. ಅದರ ಜೊತೆಗೆ ಹಲ್ಲಿಗೂ ಚಿಕಿತ್ಸೆ ಮಾಡಿಸಲೇಬೇಕು.

ಆ ಚಿಕಿತ್ಸೆ ಎರಡು ವಿಧ. ಮೊದಲನೆಯದು, ಹಲ್ಲನ್ನು ಉಳಿಸುವದು: ವೈದ್ಯನು ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಬೇರಿನ ನಾಳದೊಳಗಿನ ಸತ್ತ ತಿರುಳನ್ನು ಸಣ್ಣ ಅರಗಳಿಂದ ತೆಗೆದು, ಔಷಧದಿಂದ ತೊಳೆದು, ರೋಗಾಣು ಮತ್ತೆ ಸೇರದಂತೆ ತುದಿಯ ವರೆಗೂ ತುಂಬಿ ಮುಚ್ಚುತ್ತಾನೆ. ಇದಕ್ಕೆ ರೂಟ್ ಕೆನಾಲ್ ಎನ್ನುತ್ತಾರೆ. ಹೀಗೆ ಮಾಡಿದ ಮೇಲೆ ಕರಗಿದ್ದ ಎಲುಬು ತಿಂಗಳುಗಳಲ್ಲಿ ತಿರಿಗಿ ತುಂಬಿಕೊಳ್ಳುವದು ಸಾಮಾನ್ಯ. ಎರಡನೆಯದು, ಉಳಿಸಲಾಗದಷ್ಟು ಕೆಟ್ಟಿದ್ದರೆ ಹಲ್ಲನ್ನು ಕೀಳುವದು. ತಾಲ್ಲೂಕಿನ ಸರಕಾರಿ ಆಸ್ಪತ್ರೆಯಲ್ಲಿ ಹಲ್ಲಿನ ವೈದ್ಯರಿದ್ದಾರೋ, ಯಾವ ದಿನ ನೋಡುತ್ತಾರೋ ಎಂದು ಉಪದೇಶಿಗಳು ಮೊದಲೇ ವಿಚಾರಿಸಿಟ್ಟರೆ ಬಡವರಿಗೆ ಉಪಕಾರವಾಗುವದು. ಸಕ್ಕರೆಕಾಯಿಲೆಯುಳ್ಳವರೂ, ಹೃದಯದ ಕವಾಟ ಕೆಟ್ಟವರೂ, ಗರ್ಭಿಣಿಯರೂ ತಮ್ಮ ಸ್ಥಿತಿಯನ್ನು ವೈದ್ಯನಿಗೆ ಮುಂಚಿತವಾಗಿ ತಿಳಿಸಬೇಕು. ಹೃದಯದ ಕವಾಟ ಕೆಟ್ಟವರಲ್ಲಿ ಬಾಯಿಯ ರೋಗಾಣುಗಳು ರಕ್ತದಲ್ಲಿ ಸೇರಿ ಹೃದಯದಲ್ಲಿ ನೆಲೆಗೊಳ್ಳುವ ಅಪಾಯ ಉಂಟು. ಗರ್ಭಿಣಿಯೆಂಬ ಕಾರಣದಿಂದ ಮಾತ್ರ ಕೀವಿನ ಹಲ್ಲನ್ನು ಹಾಗೆಯೇ ಬಿಡಬಾರದು.

6. ಮನೆಯಲ್ಲಿ ಮಾಡತಕ್ಕದ್ದು

ಬೆಳಿಗ್ಗೆಯೂ ರಾತ್ರಿ ಮಲಗುವ ಮುಂಚೆಯೂ ಹಲ್ಲುಜ್ಜಬೇಕು. ರಾತ್ರಿಯದೇ ಹೆಚ್ಚು ಮುಖ್ಯ. ಯಾಕಂದರೆ ನಿದ್ರೆಯಲ್ಲಿ ಉಗುಳು ಕಡಮೆಯಾಗಿ ರೋಗಾಣುಗಳಿಗೆ ಅನುಕೂಲವಾಗುತ್ತದೆ. ಮೆತ್ತನೆಯ ಬ್ರಷ್ಷೂ ಫ್ಲೋರೈಡ್ ಇರುವ ಪೇಸ್ಟೂ ಉತ್ತಮ. ಬೇವಿನ ಕಡ್ಡಿಯನ್ನು ಚೆನ್ನಾಗಿ ಅಗಿದು ಕುಂಚಮಾಡಿ ಮೆಲ್ಲಗೆ ಉಜ್ಜುವದರಲ್ಲಿ ದೋಷವಿಲ್ಲ. ಇದ್ದಲು, ಇಟ್ಟಿಗೆಯ ಪುಡಿ, ಮರಳು ಇವು ಕವಚವನ್ನು ಸವೆಸುತ್ತವೆ. ಮಿಶ್ರಿ, ಕಡ್ಡಿಪುಡಿ, ಗುಟ್ಕಾ ಇವು ವಸಡನ್ನು ಕೆಡಿಸಿ ಬಾಯಿಯ ಹುಣ್ಣುರೋಗಕ್ಕೆ, ಅಂದರೆ ಕ್ಯಾನ್ಸರಿಗೆ, ದಾರಿಮಾಡುತ್ತವೆ. ಸಿಹಿಯನ್ನು ಊಟದ ಸಂಗಡ ತಿನ್ನಿರಿ. ಹೊತ್ತುಹೊತ್ತಿಗೆ ಬಾಯಾಡಿಸುತ್ತಾ ಇರಬೇಡಿರಿ.

ತಾಯಂದಿರು ಒಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಮಗುವಿಗೆ ಸುಮಾರು ಆರು ವರ್ಷವಾದಾಗ, ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆಯೇ ಒಂದು ದೊಡ್ಡ ದವಡೆಹಲ್ಲು ಮೂಡುತ್ತದೆ. ಅದನ್ನೂ ಹಾಲುಹಲ್ಲೆಂದು ತಿಳಿದು, ಹೇಗೂ ಬೀಳುವದಲ್ಲಾ ಎಂದು ಬಿಟ್ಟುಬಿಡುತ್ತಾರೆ. ಅದು ಬೀಳುವ ಹಲ್ಲಲ್ಲ. ಮುಪ್ಪಿನ ವರೆಗೂ ಅಗಿಯಬೇಕಾದ ಹಲ್ಲು. ಹಾಲುಹಲ್ಲುಗಳನ್ನು ಕೂಡ ಅಲಕ್ಷ್ಯಮಾಡಬಾರದು. ಅವುಗಳ ಬೇರಿನಲ್ಲಿ ಕೀವಾದರೆ ಕೆಳಗೆ ಬೆಳೆಯುತ್ತಿರುವ ಹೊಸ ಹಲ್ಲಿಗೂ ಕೇಡಾಗಬಹುದು. ಮಗುವಿನ ಬಾಯಿಗೆ ಸಕ್ಕರೆ ಹಾಕಿದ ಹಾಲಿನ ಸೀಸೆಯನ್ನಿಟ್ಟು ನಿದ್ರೆಮಾಡಿಸಬೇಡಿರಿ.

7. ಆತ್ಮಕ್ಕೆ ಪಾಠ

ಹಲ್ಲುನೋವು ಬಂದವನನ್ನು ನೋಡಿ, ಇದು ಅವನ ಪಾಪದ ಫಲವೆಂದು ಯಾರೂ ಹೇಳಬಾರದು. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಹಾಗೆ ಕೇಳಿದಾಗ ಕರ್ತನು ಅದನ್ನು ಒಪ್ಪಲಿಲ್ಲ. ಪ್ರಾರ್ಥನೆಮಾಡುವವನು ವೈದ್ಯನ ಬಳಿಗೆ ಹೋಗುವದು ಅವಿಶ್ವಾಸವೂ ಅಲ್ಲ. ಸುವಾರ್ತೆಯನ್ನು ಬರೆದ ಲೂಕನು ಪೌಲನಿಗೆ ಪ್ರಿಯನಾದ ವೈದ್ಯನಾಗಿದ್ದನು.

ಆದರೂ ಈ ರೋಗದಿಂದ ನಾವು ಕಲಿಯತಕ್ಕದ್ದೊಂದಿದೆ. ಮೇಲೆ ಹೇಳಿದ ವೇದಭಾಗದಲ್ಲಿ ಅಪೊಸ್ತಲಿಕ ಲೇಖಕನು ಸಭೆಯೊಳಗೆ ಹುಟ್ಟುವ ಕಹಿಯಾದ ಬೇರಿನ ವಿಷಯವಾಗಿ ಎಚ್ಚರಿಸುತ್ತಾನೆ. ಅದು ಒಬ್ಬನನ್ನಲ್ಲ, ಅನೇಕರನ್ನು ಕೆಡಿಸುತ್ತದೆಂದು ತಿಳಿಸುತ್ತಾನೆ. ನಮ್ಮ ಹಳ್ಳಿಯ ಸಭೆಗಳಲ್ಲಿ ಹೊಲದ ಬದುವಿಗಾಗಿಯೋ ಮದುವೆಯ ಮಾತಿಗಾಗಿಯೋ ಎರಡು ಮನೆಯವರಿಗೆ ಜಗಳವಾಗುತ್ತದೆ. ಕೆಲವು ದಿನ ಕೂಗಾಟ, ಬಳಿಕ ಮೌನ. ಹಿರಿಯರು, ಜಗಳ ನಿಂತಿತೆಂದು ಸಮಾಧಾನಪಡುತ್ತಾರೆ. ಆದರೆ ಅವರು ಒಂದೇ ಆಲಯದಲ್ಲಿ ಕೂತರೂ ಒಬ್ಬರೊಬ್ಬರ ಮುಖ ನೋಡುವದಿಲ್ಲ. ಕರ್ತನ ಭೋಜನದ ದಿನ ಒಬ್ಬರು ಬಂದರೆ ಇನ್ನೊಬ್ಬರು ಬರುವದಿಲ್ಲ. ಇದು ಸಮಾಧಾನವೋ? ಸತ್ತ ಹಲ್ಲಿನ ಮೌನವೋ? ಒಬ್ಬನ ಮನಸ್ಸಾಕ್ಷಿಯೂ ಹೀಗೆಯೇ. ಮೊದಲನೆಯ ಸುಳ್ಳಿಗೆ ಅದು ಚುಚ್ಚುತ್ತದೆ, ಹತ್ತನೆಯದಕ್ಕೆ ಚುಚ್ಚುವದಿಲ್ಲ.

ಹಾಗಾದರೆ ನೋವು ಇನ್ನೂ ಇರುವಾಗಲೇ ಹೋಗೋಣ: ಹಲ್ಲು ನೊಂದರೆ ವೈದ್ಯನ ಬಳಿಗೆ, ಸಹೋದರನ ಮೇಲೆ ಮನಸ್ಸು ನೊಂದರೆ ಆ ಸಹೋದರನ ಬಳಿಗೆ, ಪಾಪದ ನಿಮಿತ್ತ ಹೃದಯ ನೊಂದರೆ ಕರ್ತನ ಬಳಿಗೆ. ನೋವು ನಿಂತುಹೋಗಿದ್ದರೂ ಇನ್ನೂ ಕಾಲ ಮೀರಿಲ್ಲ. ಬೇರಿನ ವರೆಗೆ ಶುದ್ಧಮಾಡಿಸಿಕೊಳ್ಳೋಣ.

ಆದಿತ್ಯವಾರ ಶಾಲೆಗೂ ಸ್ತ್ರೀಯರ ಕೂಟಕ್ಕೂ ಪ್ರಶ್ನೆಗಳು

1. ಹಲ್ಲಿನ ಜೀವವು ಯಾವ ಭಾಗದಲ್ಲಿದೆ? ಅದಕ್ಕೆ ರಕ್ತವು ಎಲ್ಲಿಂದ ಬರುತ್ತದೆ?
2. ಹುಳುಕು ಹಲ್ಲಿನ ನೋವು ತಾನಾಗಿ ನಿಂತರೆ ನಾವು ಏನೆಂದು ತಿಳಿಯಬೇಕು?
3. ಮಾತ್ರೆಯೊಂದರಿಂದಲೇ ಬೇರಿನ ರೋಗವು ಗುಣವಾಗದಿರಲು ಕಾರಣವೇನು?
4. ರೋಗಿಯನ್ನು ಆ ರಾತ್ರಿಯೇ ಆಸ್ಪತ್ರೆಗೆ ಒಯ್ಯಬೇಕಾದ ಗುರುತುಗಳನ್ನು ಹೇಳಿರಿ.
5. ನಿಮ್ಮ ಮನೆಯಲ್ಲಿ ಆರರಿಂದ ಹತ್ತು ವರ್ಷದ ಮಕ್ಕಳಿದ್ದರೆ, ಈ ವಾರ ಅವರ ಹಿಂದಿನ ದವಡೆಹಲ್ಲುಗಳನ್ನು ಬೆಳಕಿನಲ್ಲಿ ನೋಡಿರಿ. ಕಪ್ಪು ಕುಳಿ ಕಂಡರೆ ಏನು ಮಾಡುವಿರಿ?
6. ನಮ್ಮ ಸಭೆಯಲ್ಲಿ ಸದ್ದಿಲ್ಲದೆ ಉಳಿದಿರುವ ಕಹಿಯಾದ ಬೇರು ಯಾವದಾದರೂ ಉಂಟೋ? ಅದನ್ನು ತೆಗೆಯಲು ಮೊದಲು ಯಾರು ಯಾರ ಮನೆಗೆ ಹೋಗಬೇಕು?